ಅನಿಮೆಯನ್ನು ಲೈವ್ ಆಕ್ಷನ್ ಸಿನಿಮಾ ಮಾಡುವಾಗ ಎಡವುವುದು ಎಲ್ಲಿ?

ಪ್ರಶ್ನೆ

ಕಳೆದ ವಾರ ಒಂದೇ ಕಥೆಯ ಎರಡು ರೂಪಗಳನ್ನು ಬೆನ್ನುಬೆನ್ನಿಗೆ ನೋಡಿದೆ. ಮೊದಲನೆಯದು ಮಮೊರು ಒಶಿಯಿ ನಿರ್ದೇಶನದ 1995ರ ಅನಿಮೆ (ಜಪಾನೀ ಆನಿಮೇಷನ್) ಚಿತ್ರ ‘ಘೋಸ್ಟ್ ಇನ್ ದ ಶೆಲ್’. ಎರಡನೆಯದು ಅದೇ ಹೆಸರಿನಲ್ಲಿ 2017ರಲ್ಲಿ ಬಂದ, ರೂಪರ್ಟ್ ಸ್ಯಾಂಡರ್ಸ್ ನಿರ್ದೇಶಿಸಿ ಸ್ಕಾರ್ಲೆಟ್ ಜೊಹಾನ್ಸನ್ ನಟಿಸಿದ ಹಾಲಿವುಡ್ ಚಿತ್ರ. ಹೊಸ ಚಿತ್ರಕ್ಕೆ ಸುರಿದ ಹಣ ಪ್ರತಿಯೊಂದು ದೃಶ್ಯದಲ್ಲೂ ಎದ್ದು ಕಾಣುತ್ತದೆ. ನಾಯಕಿ ಮೇಜರ್ ಕಟ್ಟಡದ ನೆತ್ತಿಯಿಂದ ಕೆಳಕ್ಕೆ ಧುಮುಕುವುದು, ತೆಳ್ಳಗೆ ನಿಂತ ನೀರಿನಲ್ಲಿ ಅದೃಶ್ಯಳಾಗಿಯೇ ಎದುರಾಳಿಯನ್ನು ಬಡಿಯುವುದು, ಜೇಡದಾಕಾರದ ಟ್ಯಾಂಕಿನ ಎದುರು ಸೆಣಸುವುದು, ಇವೆಲ್ಲವನ್ನೂ ಅನಿಮೆಯನ್ನು ಪಕ್ಕದಲ್ಲಿಟ್ಟುಕೊಂಡೇ ಕಟ್ಟಿದಂತಿದೆ. ಆದರೂ ಅನಿಮೆ ಮುಗಿದಾಗ ಮನಸ್ಸಿನಲ್ಲಿ ಉಳಿದ ಭಾರ ಹೊಸ ಚಿತ್ರ ಮುಗಿದಾಗ ಉಳಿಯಲಿಲ್ಲ.

ಇಂಥ ಚಿತ್ರಗಳು ಸೋತಾಗಲೆಲ್ಲ ‘ಮೂಲಕ್ಕೆ ನಿಷ್ಠೆ ಇರಲಿಲ್ಲ’ ಎಂಬ ಕಾರಣವನ್ನೇ ಮೊದಲು ಕೇಳುತ್ತೇವೆ. 2009ರ ‘ಡ್ರ್ಯಾಗನ್‌ಬಾಲ್ ಇವೊಲ್ಯೂಷನ್’ ಚಿತ್ರಕ್ಕೆ ಆ ಮಾತು ಒಪ್ಪುತ್ತದೆ. ನಾಯಕ ಗೊಕುವನ್ನು ಅಮೆರಿಕದ ಹೈಸ್ಕೂಲಿನಲ್ಲಿ ಕೀಟಲೆಗೆ ಗುರಿಯಾಗುವ ಹುಡುಗನನ್ನಾಗಿ ಮಾಡಿದ ಆ ಚಿತ್ರದಲ್ಲಿ ಹೆಸರುಗಳನ್ನು ಬಿಟ್ಟರೆ ಮೂಲದ್ದು ಅಂತ ಉಳಿದಿದ್ದು ಕಡಿಮೆ. ಆದರೆ ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ ‘ಘೋಸ್ಟ್ ಇನ್ ದ ಶೆಲ್’ ತುಂಬ ನಿಷ್ಠವಾದ ಚಿತ್ರ, ಆದರೂ ಅದು ಸೋತಿತು. ಹಾಗಿದ್ದರೆ ಲೈವ್ ಆಕ್ಷನ್ ಸಿನಿಮಾಕ್ಕೆ, ಅಂದರೆ ನಿಜವಾದ ನಟರ ಸಿನಿಮಾಕ್ಕೆ, ಬರುವಾಗ ದಾರಿಯಲ್ಲಿ ಕಳೆದುಹೋಗುವುದು ಏನು? ‘ರುರೌನಿ ಕೆನ್ಶಿನ್’ ಚಿತ್ರಗಳು ಗೆದ್ದವೆಂದು ಬಹಳ ಜನ ಹೇಳುತ್ತಾರೆ. ಅವನ್ನು ನಾನಿನ್ನೂ ನೋಡಿಲ್ಲ. ಬಲ್ಲವರು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬಲ್ಲಿಗೆ ನಿಲ್ಲಿಸದೆ, ದೃಶ್ಯಗಳನ್ನೇ ಎತ್ತಿಕೊಂಡು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಉದಾಹರಣೆಯಿಂದಲೇ ಹೊರಡೋಣ. ಅನಿಮೆಯಲ್ಲಿ ಮೇಜರ್ ಮೊತೊಕೊ ಕುಸನಾಗಿಯನ್ನು ಕಾಡುವುದು ಒಂದು ವಿಚಿತ್ರವಾದ ಅನುಮಾನ. ದೇಹವಿಡೀ ಕಾರ್ಖಾನೆಯಲ್ಲಿ ತಯಾರಾದದ್ದಾಗಿ, ನೆನಪುಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಲೋಕದಲ್ಲಿ, ‘ನಾನು’ ಎಂದು ಕರೆದುಕೊಳ್ಳುವಂಥದ್ದು ತನ್ನೊಳಗೆ ನಿಜವಾಗಿಯೂ ಇದೆಯೇ ಎಂದು ಅವಳು ಕೇಳಿಕೊಳ್ಳುತ್ತಾಳೆ. ಕೊನೆಯಲ್ಲಿ ಅವಳು ‘ಪಪೆಟ್ ಮಾಸ್ಟರ್’ ಎಂಬ ದೇಹವಿಲ್ಲದ ಪ್ರಜ್ಞೆಯೊಡನೆ ಬೆರೆತು, ಹಿಂದಿನವಳೂ ಅಲ್ಲದ, ಪೂರ್ತಿ ಬೇರೆಯವಳೂ ಅಲ್ಲದ ಒಂದು ಜೀವವಾಗುತ್ತಾಳೆ. 2017ರ ಚಿತ್ರದಲ್ಲಿ ಅವಳು ಕೇಳುವ ಪ್ರಶ್ನೆಯೇ ಬೇರೆ: ‘ನಾನು ಹಿಂದೆ ಯಾರಾಗಿದ್ದೆ? ನನ್ನಿಂದ ಕಸಿದುಕೊಂಡದ್ದು ಏನು?’ ಇದಕ್ಕೆ ಉತ್ತರವಿದೆ. ಆ ಉತ್ತರ ಒಂದು ಸಮಾಧಿಯ ಬಳಿ, ಒಬ್ಬ ತಾಯಿಯ ಮನೆಯಲ್ಲಿ ಸಿಗುತ್ತದೆ. ಸಿಕ್ಕ ಮೇಲೆ ನೋಡುಗ ಹೊತ್ತುಕೊಂಡು ಹೋಗಬೇಕಾದದ್ದು ಏನೂ ಉಳಿಯುವುದಿಲ್ಲ. ಚಿತ್ರದ ತಂಡ ಬಿಂಬಗಳಿಗೆ ನಿಷ್ಠವಾಗಿತ್ತು, ಆದರೆ ಆ ಬಿಂಬಗಳು ಯಾವ ಪ್ರಶ್ನೆಯಿಂದ ಹುಟ್ಟಿದ್ದವೋ ಅದನ್ನೇ ಬದಲಾಯಿಸಿಬಿಟ್ಟಿತು. ನಿಮಗಾದ ನಿರಾಸೆಗೆ ಇದೇ ಮುಖ್ಯ ಕಾರಣವೆಂದು ನನಗೆ ಅನಿಸುತ್ತದೆ.

ಎರಡನೆಯ ಕಾರಣ ಕಾಲಕ್ಕೆ ಸಂಬಂಧಿಸಿದ್ದು. ಅನಿಮೆಯ ನಡುಭಾಗದಲ್ಲಿ ಕೆಲವು ನಿಮಿಷಗಳ ಕಾಲ ಕಥೆಯೇ ನಿಂತುಹೋಗುತ್ತದೆ. ಮೇಜರ್ ದೋಣಿಯಲ್ಲಿ ಕಾಲುವೆಗಳ ನಡುವೆ ಸಾಗುತ್ತಾಳೆ, ಮಳೆ ಸುರಿಯುತ್ತದೆ, ತನ್ನದೇ ಮುಖದ ಇನ್ನೊಬ್ಬಳನ್ನು ಗಾಜಿನ ಹಿಂದೆ ಕಾಣುತ್ತಾಳೆ. ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಕೆಂಜಿ ಕವಾಯಿ ಸಂಯೋಜಿಸಿದ ಸಮೂಹಗಾನ ಮಾತ್ರ ಕೇಳುತ್ತದೆ. ಹಾಂಕಾಂಗನ್ನು ನೋಡಿಕೊಂಡು ಬರೆದ ಆ ನಗರದಲ್ಲಿ ಪ್ರತಿಯೊಂದು ಫಲಕವನ್ನೂ ನೀರಿನ ಪ್ರತಿಯೊಂದು ಅಲೆಯನ್ನೂ ಯಾರೋ ಕುಳಿತು ಕೈಯಿಂದ ಬರೆದಿದ್ದಾರೆ. ಆದ್ದರಿಂದ ಸುಮ್ಮನೆ ನೋಡುತ್ತ ಇರುವುದೇ ಅಲ್ಲಿ ಒಂದು ಘಟನೆಯಾಗುತ್ತದೆ. ಜಪಾನಿನ ಟಿವಿ ಅನಿಮೆ ಈ ನಿಶ್ಚಲತೆಯನ್ನು ಬಡತನದಿಂದ ಕಲಿತದ್ದು. ಒಸಾಮು ತೆಜುಕಾ 1963ರಲ್ಲಿ ‘ಆಸ್ಟ್ರೊ ಬಾಯ್’ ಸರಣಿಯನ್ನು ಪ್ರತಿ ವಾರ ಒದಗಿಸಬೇಕಾಗಿ ಬಂದಾಗ ಚಿತ್ರಗಳ ಸಂಖ್ಯೆಯನ್ನು ಆದಷ್ಟು ತಗ್ಗಿಸಿದರು. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮುಗಳಿದ್ದರೂ ಒಂದೊಂದು ಚಿತ್ರವನ್ನು ಮೂರು ಫ್ರೇಮುಗಳಷ್ಟು ಕಾಲ ನಿಲ್ಲಿಸಿದರೆ ಎಂಟೇ ಚಿತ್ರಗಳು ಸಾಕಾಗುತ್ತವೆ. ಖರ್ಚು ಉಳಿಸಲು ಹುಟ್ಟಿದ ಆ ಕ್ರಮವೇ ಕಾಲಕ್ರಮದಲ್ಲಿ ಒಂದು ಭಾಷೆಯಾಯಿತು: ಕದಲದ ಮುಖ, ಹಾರಾಡುವ ಕೂದಲೆಳೆ, ಮೆಲ್ಲಗೆ ಜರುಗುವ ಆಕಾಶ. ನಟನೊಬ್ಬ ಅಷ್ಟೇ ಹೊತ್ತು ಕದಲದೆ ನಿಂತರೆ ‘ಇವನೇಕೆ ನಿಂತ?’ ಎನಿಸುತ್ತದೆ. ಹಾಗಾಗಿ ಲೈವ್ ಆಕ್ಷನ್ ನಿರ್ದೇಶಕರು ಆ ಜಾಗವನ್ನು ಮಾತಿನಿಂದಲೋ ಹೊಡೆದಾಟದಿಂದಲೋ ತುಂಬಿಬಿಡುತ್ತಾರೆ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಮೂಲ ಸಮಸ್ಯೆ ತೂಕದ್ದು. ಬರೆದ ದೇಹಕ್ಕೆ ಬರೆಯುವವನು ಕೊಟ್ಟಷ್ಟೇ ತೂಕ. ಈ ಕ್ಷಣ ಮಾಡಿನ ಮೇಲೆ ಗರಿಯಂತೆ ಇಳಿದವನು ಮರುಕ್ಷಣ ಬಂಡೆಯನ್ನು ಪುಡಿಮಾಡಿದರೂ ನಾವು ಪ್ರಶ್ನಿಸುವುದಿಲ್ಲ, ಏಕೆಂದರೆ ನೆಲ, ಮಾಡು, ಬಂಡೆ, ಮನುಷ್ಯ ಎಲ್ಲವೂ ಒಂದೇ ಕೈಯ ಗೆರೆಗಳು. ಕ್ಯಾಮೆರಾ ಮುಂದೆ ನಿಂತ ನಟನಿಗೆ ಈ ರಿಯಾಯಿತಿ ಇಲ್ಲ. ಅವನ ಕಾಲು ನೆಲಕ್ಕೆ ತಾಗುವ ರೀತಿಯನ್ನು ನಮ್ಮ ಕಣ್ಣು ಹುಟ್ಟಿದಂದಿನಿಂದ ನೋಡಿಕೊಂಡು ಬಂದಿದೆ. ಒಂದಿಷ್ಟು ಹುಸಿ ಇದ್ದರೂ ಹಿಡಿದುಬಿಡುತ್ತದೆ. ಆದ್ದರಿಂದ ಇಂಥ ಪ್ರತಿಯೊಂದು ಚಿತ್ರವೂ ಮೊದಲ ದಿನವೇ ತೂಕವನ್ನು ಏನು ಮಾಡುವುದೆಂದು ತೀರ್ಮಾನಿಸಬೇಕಾಗುತ್ತದೆ. ತೀರ್ಮಾನಿಸದೆ ಹೊರಟ ಚಿತ್ರಗಳೇ ಹೆಚ್ಚಾಗಿ ಸೋಲುತ್ತವೆ.

‘ರುರೌನಿ ಕೆನ್ಶಿನ್’ ಗೆದ್ದದ್ದು ಇಲ್ಲಿಯೇ. ನೊಬುಹಿರೊ ವಾತ್ಸುಕಿಯ ಮಾಂಗಾ (ಜಪಾನೀ ಕಾಮಿಕ್ಸ್) ಮತ್ತು ಅದರಿಂದ ಬಂದ 1996ರ ಟಿವಿ ಅನಿಮೆ ಎರಡರಲ್ಲೂ ಕೆನ್ಶಿನ್ ಎಂಬ ಅಲೆಮಾರಿ ಖಡ್ಗಧಾರಿ ಮಾಡುಗಳ ಎತ್ತರಕ್ಕೆ ಜಿಗಿಯುತ್ತಾನೆ, ಪ್ರತಿ ಪಟ್ಟಿನ ಹೆಸರನ್ನೂ ಕೂಗಿ ಹೇಳುತ್ತಾನೆ. 2012ರಲ್ಲಿ ಮೊದಲ ಚಿತ್ರವನ್ನು ಮಾಡಿದ ಕೆಯಿಶಿ ಓತೊಮೊ ಅದಕ್ಕೂ ಮೊದಲು ಎನ್‌ಎಚ್‌ಕೆ ವಾಹಿನಿಗೆ ಐತಿಹಾಸಿಕ ಧಾರಾವಾಹಿಯನ್ನು ನಿರ್ದೇಶಿಸಿದ್ದವರು. ಸಾಹಸ ನಿರ್ದೇಶಕ ಕೆಂಜಿ ತನಿಗಾಕಿ ಹಾಂಕಾಂಗ್‌ನಲ್ಲಿ ಡಾನಿ ಯೆನ್ ಅವರೊಡನೆ ದುಡಿದು ಪಳಗಿದವರು. ಇವರಿಬ್ಬರೂ ಕೆನ್ಶಿನ್‌ನ ಅಸಾಧಾರಣ ವೇಗವನ್ನು ಉಳಿಸಿಕೊಂಡರು, ಆದರೆ ಅದನ್ನು ಆಕಾಶದಿಂದ ನೆಲಕ್ಕೆ ಇಳಿಸಿದರು. ನಾಯಕ ತಕೆರು ಸಾತೊ ಮೈಯನ್ನು ತಗ್ಗಿಸಿ ಓಡುತ್ತಾನೆ, ತಿರುವಿನಲ್ಲಿ ಪಾದ ಜಾರಿಸುತ್ತಾನೆ, ಗೋಡೆಗೆ ಕಾಲು ಕೊಟ್ಟು ದಿಕ್ಕು ಬದಲಿಸುತ್ತಾನೆ; ಅವನು ಹಾದುಹೋದಲ್ಲಿ ಧೂಳು ಏಳುತ್ತದೆ. ಮನುಷ್ಯನಿಂದ ಆಗುವ ಕೆಲಸದ ಕಟ್ಟಕಡೆಯ ಅಂಚಿನಲ್ಲಿ ಆ ದೇಹವಿದೆ ಎಂದು ನಮಗೆ ಅನಿಸುತ್ತದೆ, ಅಂಚನ್ನು ದಾಟಿತು ಎಂದು ಅನಿಸುವುದು ಅಪರೂಪ. ಬಟ್ಟೆಗಳು ಮಾಸಿವೆ, ಕೂದಲಿನ ಕೆಂಪು ಕಣ್ಣಿಗೆ ಹೊಡೆಯದಷ್ಟು ತಗ್ಗಿದೆ.

ಇದರ ಪಕ್ಕದಲ್ಲಿ 2017ರ ಜಪಾನೀ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಚಿತ್ರವನ್ನು ಇಟ್ಟು ನೋಡಿ. ನಿರ್ದೇಶಕ ಫುಮಿಹಿಕೊ ಸೊರಿ ಗ್ರಾಫಿಕ್ಸ್ ಬಲ್ಲವರು. ಪೂರ್ತಿ ಕಂಪ್ಯೂಟರಿನಲ್ಲಿ ರೂಪುಗೊಂಡ, ಆಲ್ಫೋನ್ಸ್ ಎಂಬ ಪಾತ್ರದ ಲೋಹದ ಕವಚ ಬೆಳಕಿಗೆ ಸರಿಯಾಗಿ ಹೊಳೆಯುತ್ತದೆ, ಹೆಜ್ಜೆ ಇಟ್ಟರೆ ಭಾರ ಗೊತ್ತಾಗುತ್ತದೆ. ದುರ್ದೈವವೆಂದರೆ ಆ ಕವಚ ನಿಜವೆನಿಸಿ, ಅದರ ಪಕ್ಕದಲ್ಲಿ ಹೊಂಬಣ್ಣದ ವಿಗ್ ತೊಟ್ಟು ನಿಂತ ನಿಜವಾದ ಮನುಷ್ಯ ವೇಷಧಾರಿಯಂತೆ ಕಾಣುತ್ತಾನೆ. ಚಿತ್ರದ ಒಂದಷ್ಟು ಭಾಗವನ್ನು ಇಟಲಿಯ ವೊಲ್ಟೆರಾ ಪಟ್ಟಣದಲ್ಲಿ ತೆಗೆದರು. ಆ ಹಳೆಯ ಕಲ್ಲುಬೀದಿಗಳ ನಿಜತನವೇ ವೇಷದ ಹುಸಿಯನ್ನು ಇನ್ನಷ್ಟು ಬಯಲಿಗೆಳೆಯಿತು.

2015ರಲ್ಲಿ ಎರಡು ಭಾಗಗಳಲ್ಲಿ ಬಂದ ‘ಅಟ್ಯಾಕ್ ಆನ್ ಟೈಟನ್’ ನನಗೆ ಅರ್ಧ ಗೆಲುವು. ಶಿಂಜಿ ಹಿಗುಚಿ ರಾಕ್ಷಸ ಸಿನಿಮಾಗಳ ಗರಡಿಯಲ್ಲಿ ಬೆಳೆದ ನಿರ್ದೇಶಕ. ಮೇಕಪ್ ಹಚ್ಚಿದ ನಟರನ್ನೇ ದೈತ್ಯರನ್ನಾಗಿ ತೋರಿಸಿದ್ದರಿಂದ ಅವುಗಳ ಮಾಂಸ, ಹಲ್ಲು, ಜೋಲು ಹೊಟ್ಟೆ ಅನಿಮೆಗಿಂತಲೂ ಹೆಚ್ಚು ಹೇಸಿಗೆಯನ್ನೂ ಭಯವನ್ನೂ ಹುಟ್ಟಿಸುತ್ತವೆ. ಆದರೆ ಸೈನಿಕರು ತಂತಿಗಳ ಮೇಲೆ ಕಟ್ಟಡಗಳ ನಡುವೆ ಹಾರಾಡುವ ದೃಶ್ಯಗಳಲ್ಲಿ ಆ ಮಾಂಸದ ತೂಕವೆಲ್ಲ ಹಾರಿಹೋಗುತ್ತದೆ.

ಇನ್ನೆರಡು ಚಿತ್ರಗಳು ಪೂರ್ತಿ ಬೇರೆಯೇ ದಾರಿ ಹಿಡಿದವು. 2019ರ ‘ಅಲೀಟಾ: ಬ್ಯಾಟಲ್ ಏಂಜೆಲ್’ನಲ್ಲಿ ರಾಬರ್ಟ್ ರೊಡ್ರಿಗೆಜ್ ಮತ್ತು ನಿರ್ಮಾಪಕ ಜೇಮ್ಸ್ ಕ್ಯಾಮರೂನ್ ನಾಯಕಿಯ ದೇಹವನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಒಪ್ಪಿಸಿದರು. ರೋಸಾ ಸಲಝಾರ್ ನಟಿಸಿದ್ದನ್ನು ದಾಖಲಿಸಿಕೊಂಡು, ಅದರ ಮೇಲೆ ದೊಡ್ಡ ಕಣ್ಣುಗಳ ಮುಖವನ್ನು ಕಟ್ಟಿದರು. ಮೊದಲ ಟ್ರೇಲರ್ ಬಂದಾಗ ಆ ಕಣ್ಣುಗಳ ಬಗ್ಗೆ ಗದ್ದಲವೆದ್ದಿತು. ತಂಡ ಕಣ್ಣನ್ನು ಚಿಕ್ಕದು ಮಾಡಲಿಲ್ಲ; ಬದಲಿಗೆ ಕಣ್ಣಿನ ಬಿಳಿಭಾಗ ಕಡಿಮೆ ಕಾಣುವಂತೆ ಪಾಪೆಯ ಸುತ್ತಲಿನ ಬಣ್ಣದ ವೃತ್ತವನ್ನು ಹಿಗ್ಗಿಸಿತು. ಅಂಜಿ ಹಿಂದೆ ಸರಿಯದೆ ತಾವು ಹಿಡಿದ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದಿಟ್ಟದ್ದರಿಂದ ಆ ಮುಖ ಜೀವ ಪಡೆಯಿತು. ಅವಳು ಯಂತ್ರದ ದೇಹದವಳಾದ್ದರಿಂದ ಆ ಬೇರೆತನಕ್ಕೆ ಕಥೆಯ ಒಪ್ಪಿಗೆಯೂ ಇತ್ತು.

ಇನ್ನೊಂದು, 2008ರಲ್ಲಿ ವಚೋವ್ಸ್ಕಿ ಸಹೋದರಿಯರು ಮಾಡಿದ ‘ಸ್ಪೀಡ್ ರೇಸರ್’. 1967ರ ಅನಿಮೆಯೊಂದರಿಂದ ಬಂದ ಈ ಚಿತ್ರ ಬಿಡುಗಡೆಯಾದಾಗ ಹಾಕಿದ ಹಣವನ್ನೂ ತರಲಿಲ್ಲ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಹತ್ತಿರದ್ದು, ದೂರದ್ದು ಎಲ್ಲವೂ ಒಂದೇ ಸ್ಪಷ್ಟತೆಯಲ್ಲಿ ಕಾಣುವಂತೆ ಪದರ ಪದರವಾಗಿ ಜೋಡಿಸಿದ ಅದರ ಚೌಕಟ್ಟುಗಳು ಅನಿಮೆಯ ಚಪ್ಪಟೆ ಲೋಕವನ್ನು ನಟರ ಸುತ್ತಲೇ ಕಟ್ಟುತ್ತವೆ. ಕಾರಿಗೂ ತೂಕವಿಲ್ಲ, ರಸ್ತೆಗೂ ಇಲ್ಲ, ಮನುಷ್ಯರಿಗೂ ಇಲ್ಲ. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ಉತ್ತರ 3

ಇಲ್ಲಿಯವರೆಗಿನ ಮಾತುಗಳಲ್ಲಿ ಒಂದು ತಿದ್ದುಪಡಿ ಅಗತ್ಯ. ನಾವು ‘ಅನಿಮೆಯ ರೂಪಾಂತರ’ ಎನ್ನುವ ಬಹುಪಾಲು ಚಿತ್ರಗಳು ವಾಸ್ತವದಲ್ಲಿ ಮಾಂಗಾದ ರೂಪಾಂತರಗಳು. ಹೀಗೆ ನಿಜವಾದ ನಟರೊಡನೆ ಚಿತ್ರ ಮಾಡುವುದನ್ನು ಜಪಾನಿನಲ್ಲಿ ‘ಜಿಶ್ಶಕ’ ಎನ್ನುತ್ತಾರೆ. ಯಾರ ಹೆಸರು ಬರೆದರೂ ಅವರು ಸಾಯುವಂಥ ಪುಸ್ತಕವೊಂದರ ಕಥೆಯಾದ ‘ಡೆತ್ ನೋಟ್’ನ ಮೊದಲ ಜಪಾನೀ ಚಿತ್ರ 2006ರ ಜೂನ್‌ನಲ್ಲಿ ತೆರೆಕಂಡಿತು, ಟಿವಿ ಅನಿಮೆ ಆರಂಭವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಹಾಗಾಗಿ ನಿರ್ದೇಶಕ ಶೂಸುಕೆ ಕನೆಕೊ ಅವರ ಎದುರಿಗೆ ಅನುಸರಿಸಬೇಕಾದ ಚಲನೆಯಾಗಲಿ ದನಿಯಾಗಲಿ ಇರಲಿಲ್ಲ. ಇದ್ದದ್ದು ಪುಟಗಳು ಮಾತ್ರ. ಈ ಸ್ವಾತಂತ್ರ್ಯ ಅವರಿಗೆ ಅನುಕೂಲವಾಯಿತೆಂದು ನಾನು ನಂಬುತ್ತೇನೆ. (ಮುಂದಿನ ಎರಡು ವಾಕ್ಯಗಳು ಅಂತ್ಯವನ್ನು ಬಯಲು ಮಾಡುತ್ತವೆ, ನೋಡದವರು ದಾಟಿಕೊಂಡು ಹೋಗಬಹುದು.) ಮೂಲದಲ್ಲಿ ಪತ್ತೇದಾರ ಎಲ್ ನಡುದಾರಿಯಲ್ಲೇ ಸೋತು ಸಾಯುತ್ತಾನೆ. ಅದೇ ವರ್ಷದ ಎರಡನೆಯ ಚಿತ್ರದಲ್ಲಿ ಅವನು ಮುಂಚಿತವಾಗಿಯೇ ತನ್ನ ಹೆಸರನ್ನು ಆ ಪುಸ್ತಕದಲ್ಲಿ ಬರೆದು, ಸಾವಿಗೆ ಇಪ್ಪತ್ತಮೂರು ದಿನಗಳ ಗಡುವನ್ನು ತಾನೇ ಇಟ್ಟುಕೊಂಡು, ಆ ಅವಧಿಯಲ್ಲಿ ತನ್ನನ್ನು ಬೇರೆ ಯಾರೂ ಕೊಲ್ಲಲಾಗದಂತೆ ಮಾಡಿಕೊಂಡಿರುತ್ತಾನೆ. ಮೂಲದ ನಿಯಮಗಳಿಗೆ ಒಂದಿಷ್ಟೂ ಭಂಗ ಬಾರದ ಈ ಬದಲಾವಣೆ ಕೆನ್‌ಇಚಿ ಮತ್ಸುಯಾಮಾ ಮಾಡಿದ ಆ ಪಾತ್ರಕ್ಕೆ ಎಷ್ಟು ಒಪ್ಪುತ್ತದೆ ಎಂದರೆ, ಮೂಲಕ್ಕಿಂತ ಇದೇ ಉತ್ತಮವೆಂದು ವಾದಿಸುವವರಿದ್ದಾರೆ. 2017ರ ನೆಟ್‌ಫ್ಲಿಕ್ಸ್ ಚಿತ್ರ ಕಥೆಯನ್ನು ಸಿಯಾಟಲ್‌ಗೆ ಒಯ್ದದ್ದು ತಪ್ಪಲ್ಲ. ಆದರೆ ತಣ್ಣಗೆ ಲೆಕ್ಕ ಹಾಕುವ ಅಹಂಕಾರಿ ನಾಯಕನನ್ನು ಗಾಬರಿಗೊಳ್ಳುವ ಹುಡುಗನನ್ನಾಗಿ ಮಾಡಿದ್ದರಿಂದ ಇಬ್ಬರು ಬುದ್ಧಿವಂತರ ನಡುವಿನ ಚದುರಂಗವೇ ಇಲ್ಲವಾಯಿತು.

ಇನ್ನು ಉದ್ದದ ಪ್ರಶ್ನೆ. ವರ್ಷಗಟ್ಟಲೆ ವಾರಪತ್ರಿಕೆಯಲ್ಲಿ ಹರಿದು ಬಂದ ಕಥೆಯನ್ನು ಎರಡು ಗಂಟೆಗೆ ಇಳಿಸಿದಾಗ ಘಟನೆಗಳು ಉಳಿದು, ಆ ಘಟನೆಗಳಿಗೆ ನಮ್ಮನ್ನು ಸಿದ್ಧಪಡಿಸಿದ ಬಿಡುವುಗಳು ಹೋಗಿಬಿಡುತ್ತವೆ. ಜಪಾನಿನಲ್ಲಿ ಪ್ರಕಾಶಕರು, ಟಿವಿ ವಾಹಿನಿ, ಜಾಹೀರಾತು ಸಂಸ್ಥೆ, ವಿತರಕರು ಎಲ್ಲರೂ ಹಣ ಹಾಕಿ ನಷ್ಟವನ್ನು ಹಂಚಿಕೊಳ್ಳುವ ‘ನಿರ್ಮಾಣ ಸಮಿತಿ’ಯ ಪದ್ಧತಿ ಇದೆ. ಒಬ್ಬೊಬ್ಬ ಪಾಲುದಾರನಿಗೂ ಒಂದೊಂದು ಅಪೇಕ್ಷೆ: ಜನಪ್ರಿಯ ಮುಖ ಬೇಕು, ಎಲ್ಲರ ಮೆಚ್ಚಿನ ಪಾತ್ರಗಳೂ ಒಮ್ಮೆ ಬಂದುಹೋಗಬೇಕು, ಮುಂದಿನ ಭಾಗಕ್ಕೆ ಬಾಗಿಲು ತೆರೆದಿರಬೇಕು. ತಕಾಶಿ ಮಿಯಿಕೆ 2017ರಲ್ಲಿ ಮಾಡಿದ ‘ಜೋಜೋ’ ಚಿತ್ರದ ಹೆಸರಿನಲ್ಲೇ ‘ಮೊದಲ ಅಧ್ಯಾಯ’ ಎಂದಿತ್ತು. ಎರಡನೆಯದು ಬರಲೇ ಇಲ್ಲ. ಹಾಗೆಂದು ಉದ್ದ ಹೆಚ್ಚಿದಾಕ್ಷಣ ಎಲ್ಲವೂ ಸರಿಹೋಗುವುದಿಲ್ಲ. 1998ರ ‘ಕೌಬಾಯ್ ಬೀಬಾಪ್’ ಇಪ್ಪತ್ತಾರು ಕಂತುಗಳ, ಬಹುಮಟ್ಟಿಗೆ ಬಿಡಿಬಿಡಿ ಕಥೆಗಳ ಅನಿಮೆ. ಖಳನಾಯಕ ವಿಷಸ್ ಕೆಲವೇ ಕಂತುಗಳಲ್ಲಿ ಬಂದು ಹೋಗುತ್ತಾನೆ, ಹಾಗಾಗಿಯೇ ಅವನ ನೆರಳು ಉಳಿದ ಕಂತುಗಳ ಮೇಲೂ ಬೀಳುತ್ತದೆ. 2021ರ ನೆಟ್‌ಫ್ಲಿಕ್ಸ್ ಸರಣಿ ಅವನನ್ನು ಎಲ್ಲ ಕಡೆಗೂ ಎಳೆದು ತಂದು, ಅವನ ಹಿನ್ನೆಲೆಯನ್ನು ವಿವರಿಸಿ, ನೆರಳನ್ನು ಅಳಿಸಿಹಾಕಿತು. ಯೋಕೊ ಕನ್ನೊ ಅವರೇ ಮತ್ತೆ ಸಂಗೀತ ಕೊಟ್ಟಿದ್ದರೂ ಸರಣಿ ಒಂದೇ ತಿಂಗಳೊಳಗೆ ರದ್ದಾಯಿತು.

ಮೂಲ ಲೇಖಕರ ಪಾತ್ರದ ಬಗ್ಗೆಯೂ ಹೇಳಬೇಕು. ಅಕಿರಾ ತೊರಿಯಾಮಾ ‘ಡ್ರ್ಯಾಗನ್‌ಬಾಲ್ ಇವೊಲ್ಯೂಷನ್’ ಕುರಿತು, ಚಿತ್ರಕಥೆಗೆ ತಾವು ಕೊಟ್ಟ ಸಲಹೆಗಳನ್ನು ಯಾರೂ ಕೇಳಲಿಲ್ಲವೆಂದು ಮುಂದೆ ಬಹಿರಂಗವಾಗಿಯೇ ಬೇಸರ ತೋಡಿಕೊಂಡರು. 2013ರ ಡ್ರ್ಯಾಗನ್‌ಬಾಲ್ ಅನಿಮೆ ಚಿತ್ರದಲ್ಲಿ ತಾವೇ ಮುಂದೆ ನಿಂತು ಕೆಲಸ ಮಾಡಿದ್ದಕ್ಕೆ ಆ ನಿರಾಸೆಯೂ ಒಂದು ಕಾರಣ. ಇದಕ್ಕೆ ವಿರುದ್ಧವಾಗಿ, 2023ರ ‘ಒನ್ ಪೀಸ್’ ಸರಣಿಯ ವಿಷಯದಲ್ಲಿ ತಾವು ತೃಪ್ತರಾಗುವವರೆಗೆ ಬಿಡುಗಡೆ ಮಾಡುವುದಿಲ್ಲವೆಂದು ನೆಟ್‌ಫ್ಲಿಕ್ಸ್ ಒಪ್ಪಿಕೊಂಡಿದೆ ಎಂದು ಮೂಲ ಲೇಖಕ ಎಯಿಚಿರೊ ಓದಾ ಅಭಿಮಾನಿಗಳಿಗೆ ಪತ್ರ ಬರೆದಿದ್ದರು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹಡಗುಗಳನ್ನು ನಿಜವಾಗಿಯೇ ಕಟ್ಟಿ ತೆಗೆದ ಆ ಎಂಟು ಕಂತುಗಳು ಮೂಲದ ಸುಮಾರು ಮೊದಲ ನೂರು ಅಧ್ಯಾಯಗಳನ್ನು ಬಳಸಿಕೊಂಡಿವೆ. ಅನೇಕ ಘಟನೆಗಳನ್ನು ಅವು ಬಿಟ್ಟಿವೆ, ಆದರೆ ನಾಯಕ ಲುಫಿಯ ನಗುವನ್ನು ಬಿಟ್ಟಿಲ್ಲ. ಆದರೂ ಲೇಖಕ ಜೊತೆಗಿದ್ದರೆ ಗೆಲುವು ಖಚಿತವೆಂದು ಹೇಳಲಾರೆ. ಮೇಲೆ ಪ್ರಸ್ತಾಪವಾದ ‘ಅಟ್ಯಾಕ್ ಆನ್ ಟೈಟನ್’ ಚಿತ್ರಗಳಲ್ಲಿ ದೊಡ್ಡ ಬದಲಾವಣೆಗಳನ್ನು ಬಯಸಿದವರಲ್ಲಿ ಮೂಲ ಲೇಖಕ ಹಜಿಮೆ ಇಸಾಯಾಮಾ ಅವರೂ ಇದ್ದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನು ಓದಿದ ಮೇಲೆ ‘ಕೆನ್ಶಿನ್’ನ 2012ರ ಚಿತ್ರವನ್ನು ನೋಡಿದೆ. ಪಾದ ಜಾರಿಸುವ ವಿಷಯವನ್ನು ತಿಳಿಸಿದ್ದು ಒಳ್ಳೆಯದಾಯಿತು. ಕತ್ತಿಗಿಂತ ಹೆಚ್ಚಾಗಿ ಕಾಲುಗಳನ್ನೇ ನೋಡುತ್ತ ಕುಳಿತಿದ್ದೆ. ಒಂದು ಸಂದೇಹ ಮಾತ್ರ ಉಳಿದಿದೆ. ‘ಘೋಸ್ಟ್ ಇನ್ ದ ಶೆಲ್’ ಬಂದಾಗ ಜಪಾನೀ ಪಾತ್ರಕ್ಕೆ ಬಿಳಿಯ ನಟಿಯನ್ನು ಆರಿಸಿದ್ದರ ಬಗ್ಗೆ ತೀವ್ರ ಆಕ್ಷೇಪಗಳಿದ್ದವು. ನಿಮ್ಮಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಚಿತ್ರದ ಸೋಲಿನಲ್ಲಿ ಅದಕ್ಕೆ ಪಾಲಿಲ್ಲವೆಂದು ಭಾವಿಸುತ್ತೀರಾ?

ಉತ್ತರ 4

ಪಾಲಿದೆ. ಮೂಲ ನಿರ್ದೇಶಕ ಒಶಿಯಿ ಅವರೇ, ಮೇಜರ್‌ನ ದೇಹ ತಯಾರಿಸಿದ ದೇಹವಾದ್ದರಿಂದ ಆ ಪಾತ್ರವನ್ನು ಜಪಾನೀ ನಟಿಯೇ ಮಾಡಬೇಕೆಂದಿಲ್ಲ ಎಂಬ ಅಭಿಪ್ರಾಯವನ್ನು ಆಗ ವ್ಯಕ್ತಪಡಿಸಿದ್ದರು. ಅನಿಮೆಯ ಕಥೆಯನ್ನೇ ಉಳಿಸಿಕೊಂಡಿದ್ದರೆ ಆ ವಾದ ನಿಲ್ಲುತ್ತಿತ್ತು. ಆದರೆ ಹೊಸ ಚಿತ್ರ ಮೇಜರ್‌ಗೆ ಒಂದು ಭೂತಕಾಲವನ್ನು ಕೊಟ್ಟಿತು. ಅವಳು ಮೊದಲು ಮೊತೊಕೊ ಎಂಬ ಜಪಾನೀ ಹುಡುಗಿಯಾಗಿದ್ದಳು, ಕಂಪನಿಯೊಂದು ಅವಳ ಮಿದುಳನ್ನು ತೆಗೆದು ಬಿಳಿಯ ಹೆಂಗಸಿನ ರೂಪದ ಕವಚದಲ್ಲಿಟ್ಟಿತು ಎಂಬುದೇ ಅದರ ಗುಟ್ಟು. ಹೊರಗಿನವರು ಮಾಡುತ್ತಿದ್ದ ಆಕ್ಷೇಪ ಹೀಗೆ ಕಥೆಯೊಳಕ್ಕೇ ಬಂದು ಕುಳಿತುಕೊಂಡಿತು. ಅದನ್ನು ಎದುರಿಸಲು ಚಿತ್ರಕ್ಕೆ ಅಪೂರ್ವವಾದ ಅವಕಾಶವಿತ್ತು: ಜಪಾನೀ ತಾಯಿಯ ಎದುರು ತನ್ನದಲ್ಲದ ಮುಖ ಹೊತ್ತು ಕುಳಿತ ಮಗಳಿಗೆ ಏನನಿಸುತ್ತದೆ? ಆ ದೃಶ್ಯ ಚಿತ್ರದಲ್ಲಿದೆ, ಕೈ ಹಿಡಿದು ಎರಡು ಮಾತಾಡುವಷ್ಟರಲ್ಲಿ ಮುಗಿದುಹೋಗುತ್ತದೆ. ತಂಡದ ಮುಖ್ಯಸ್ಥ ಅರಮಾಕಿಯಾಗಿ ತಕೆಶಿ ಕಿತಾನೊ ಇಡೀ ಚಿತ್ರದಲ್ಲಿ ಜಪಾನೀ ಭಾಷೆಯಲ್ಲೇ ಮಾತನಾಡುತ್ತಾರೆ. ಉಳಿದವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಅವರು ತೆರೆಯ ಮೇಲಿರುವಷ್ಟು ಹೊತ್ತು ಚಿತ್ರಕ್ಕೆ ಒಂದು ಗಾಂಭೀರ್ಯ ಬರುತ್ತದೆ.

ಜಪಾನೀ ನಟರನ್ನು ಹಾಕಿದ ಮಾತ್ರಕ್ಕೆ ಎಲ್ಲ ತೊಡಕೂ ಬಿಡಿಸಿಕೊಳ್ಳುವುದಿಲ್ಲ ಎಂಬುದಕ್ಕೆ ಮೇಲೆ ಹೇಳಿದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಸಾಕ್ಷಿ. ಯುರೋಪನ್ನು ಹೋಲುವ ಕಲ್ಪಿತ ದೇಶದ ಕಥೆ ಅದು, ನಟರೆಲ್ಲರೂ ಜಪಾನೀಯರು. ‘ಒನ್ ಪೀಸ್’ನಲ್ಲಿ ಮೆಕ್ಸಿಕೊದ ಇನ್ಯಾಕಿ ಗೊಡೊಯ್, ಜಪಾನಿನ ಮಕೆನ್ಯು ಮೊದಲಾದವರು ಒಂದೇ ಹಡಗಿನಲ್ಲಿ ಸೇರಿದ್ದು ಯಾರಿಗೂ ತೊಡಕೆನಿಸಲಿಲ್ಲ, ಆ ಸಮುದ್ರ ಯಾವ ದೇಶದ್ದೂ ಅಲ್ಲ.

ಮಕೆನ್ಯು ಹೆಸರು ಬಂದದ್ದರಿಂದ ನಿಮಗೊಂದು ಸಲಹೆ. ಅವರು 2021ರ ‘ಕೆನ್ಶಿನ್: ದ ಫೈನಲ್’ನಲ್ಲಿ ಎನಿಶಿ ಪಾತ್ರ ಮಾಡಿದ್ದಾರೆ. ಅದೇ ವರ್ಷ ಬಂದ ‘ದ ಬಿಗಿನಿಂಗ್’ ಕೆನ್ಶಿನ್‌ನ ಕೆನ್ನೆಯ ಮೇಲಿನ ಅಡ್ಡಗಾಯದ ಹಿಂದಿನ ಕಥೆಯನ್ನು ಹೇಳುತ್ತದೆ. ಅದೇ ಕಥೆಯನ್ನು 1999ರಲ್ಲಿ ಕಜುಹಿರೊ ಫುರುಹಾಶಿ ನಾಲ್ಕು ಕಂತುಗಳ ಅನಿಮೆಯಾಗಿ ಮಾಡಿದ್ದರು. ಆ ಅನಿಮೆ ಟಿವಿ ಸರಣಿಯ ಹಾಸ್ಯವನ್ನೂ ಹಾರಾಟವನ್ನೂ ಕೈಬಿಟ್ಟು, ರಕ್ತ, ಹಿಮ, ಮೌನ ಇವಿಷ್ಟನ್ನೇ ಇಟ್ಟುಕೊಂಡಿತು. ಚಿತ್ರಿಸಿದ ದೇಹಗಳಿಗೆ ಪೂರ್ತಿ ತೂಕ ಕೊಟ್ಟ ಅನಿಮೆ ಅದು. ಮೊದಲು ಆ ನಾಲ್ಕು ಕಂತುಗಳನ್ನೂ ಮರುದಿನ ಚಿತ್ರವನ್ನೂ ನೋಡಿ. ಹಿಮದ ನಡುವಿನ ಕೊನೆಯ ಕಾಳಗದಲ್ಲಿ ಕೆನ್ಶಿನ್‌ನ ಹೆಂಡತಿ ತೊಮೊಯೆ ಇಬ್ಬರ ನಡುವೆ ಬರುವ ಕ್ಷಣವನ್ನು ಎರಡರಲ್ಲೂ ಗಮನಿಸಿ, ನಿಮಗೆ ಏನು ಕಂಡಿತೆಂದು ಇಲ್ಲಿ ಬರೆಯಿರಿ.